ಹೆಸರು ತಪ್ಪಿದ ಉಸಿರು

ಮೌಲಾಸಾಬ ನದಾಫ ಸತ್ತ ಸುದ್ದಿ ಅವನ ಹೆಂಡತಿಯ ಫೋನಿಗೆ ಬಂದಾಗ ಅವನು ಅವಳೆದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದ.

ಸೋಮವಾರ ಬೆಳಗಿನ ಹತ್ತು ಗಂಟೆ. ಇಳಕಲ್ಲಿನ ಆ ಓಣಿಯಲ್ಲಿ ಮಗ್ಗಗಳ ಸದ್ದು ಆಗಲೇ ಶುರುವಾಗಿತ್ತು. ಲಾಲಬಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಎರಡು ಸಲ ಓದಿದಳು. “ಉಸಿರು ಕೇಂದ್ರ, ಬಾಗಲಕೋಟೆ. ನಿಮ್ಮ ಪತಿ ಮೌಲಾಸಾಬ ಹುಸೇನಸಾಬ ನದಾಫ, ವಯಸ್ಸು ಅರವತ್ತೊಂದು, ಇಂದು ಬೆಳಿಗ್ಗೆ 6-40ಕ್ಕೆ ನಿಧನರಾಗಿದ್ದಾರೆ. ನಿಮ್ಮ ದುಃಖದಲ್ಲಿ ಕೇಂದ್ರವೂ ಭಾಗಿಯಾಗಿದೆ.”

“ಏನಂತ?” ಅಂದ ಮೌಲಾಸಾಬ.

“ನೀವು ಸತ್ತೀರಂತ.”

“ಯಾವಾಗ?”

“ಆರೂ ನಲವತ್ತಕ್ಕ.”

“ಆರೂ ನಲವತ್ತಕ್ಕ ನಾ ಹಲ್ಲು ತಿಕ್ಕಾಕತ್ತಿದ್ನಲ್ಲ,” ಎಂದು ಅವನು ನಕ್ಕ. ನಕ್ಕಾಗ ಕೆಮ್ಮು ಬಂತು. ಲಾಲಬಿ ನೀರು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಓಣಿಯವರೆಲ್ಲ ಬಂದು ನೋಡಿಕೊಂಡು ಹೋದರು. ಒಬ್ಬ ಗೆಳೆಯ ಹೂವಿನ ಹಾರ ತಂದು ಕೊರಳಿಗೇ ಹಾಕಿ, “ಇನ್ನ ಯಾರ ಮುಂದೂ ಉಸಿರು ಬಿಡಬ್ಯಾಡ, ಕೇಸ್ ಆಗ್ತೈತಿ,” ಎಂದ. ಎಲ್ಲರೂ ನಕ್ಕರು.

ಎಲ್ಲರೂ ಹೋದ ಮೇಲೆ ಮೌಲಾಸಾಬ ಹಾರವನ್ನು ಗೂಟಕ್ಕೆ ತೂಗುಹಾಕುತ್ತ, “ಲಾಲಬಿ, ನಾ ಸತ್ತಿಲ್ಲ ಅಂದ್ರ, ಆರೂ ನಲವತ್ತಕ್ಕ ಯಾರೋ ಸತ್ತಾರಲ್ಲ?” ಎಂದ.

ಲಾಲಬಿ ಆ ಸಂದೇಶವನ್ನು ಇನ್ನೊಮ್ಮೆ ತೆರೆದು ಓದಿದಳು.

ಮೌಲಾಸಾಬ ಮೂವತ್ತೆರಡು ವರ್ಷ ಕೆಂಪು ಗ್ರಾನೈಟಿಗೆ ಪಾಲಿಶ್ ಹೊಡೆದವನು. ಕಲ್ಲು ಕನ್ನಡಿಯಾಯಿತು, ಅವನ ಎದೆ ಕಲ್ಲಾಯಿತು. ಅವನಂತೆ ಆ ಸೀಮೆಯ ಗಣಿ, ಸುಣ್ಣದ ಭಟ್ಟಿ, ಕಲ್ಲು ಕಟಾವಿನಲ್ಲಿ ದುಡಿದ ನಲವತ್ತೊಂದು ಸಾವಿರ ಜನರ ಬಲಪಕ್ಕೆಯ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಯಂತ್ರವಿತ್ತು. ಎದೆಗೂ ಹೊಟ್ಟೆಗೂ ನಡುವೆ ಹಾಸಿರುವ, ಉಸಿರೆಳೆಯುವ ಸ್ನಾಯುವಿನ ನರವನ್ನು ಅದು ನಿಮಿಷಕ್ಕೆ ಹದಿನಾಲ್ಕು ಹದಿನಾರು ಸಲ ತಟ್ಟುತ್ತಿತ್ತು. ತಟ್ಟಿದಾಗಲೊಮ್ಮೆ ಉಸಿರು. ಕೈ ಇಟ್ಟರೆ ಒಳಗೆ ಸಣ್ಣ ಹಕ್ಕಿ ಮಿಸುಕಿದಂತಾಗುತ್ತಿತ್ತು, ಹಾಗಾಗಿ ಜನ ಅದನ್ನು ಗುಬ್ಬಿ ಎನ್ನುತ್ತಿದ್ದರು. ಯಾವ ಗುಬ್ಬಿ ಎಷ್ಟು ಬೇಗ, ಎಷ್ಟು ಜೋರಾಗಿ ತಟ್ಟಬೇಕೆಂಬುದನ್ನು ಬಾಗಲಕೋಟೆಯ ಉಸಿರು ಕೇಂದ್ರದಿಂದ ವೈದ್ಯರು ತಿದ್ದುತ್ತಿದ್ದರು. ಗುಬ್ಬಿ ತನ್ನ ಒಡೆಯನ ಉಸಿರು ಮತ್ತು ನಾಡಿಯ ಲೆಕ್ಕವನ್ನು ಅಲ್ಲಿಗೆ ಕಳಿಸುತ್ತಲೇ ಇರುತ್ತಿತ್ತು. ಮೂರು ತಾಸು ನಾಡಿ ಕಾಣದಿದ್ದರೆ ಸಾವಿನ ಸಂದೇಶ ತಾನಾಗಿಯೇ ಮನೆಗೆ ಹೋಗುತ್ತಿತ್ತು.

ಬುಧವಾರ ಲಾಲಬಿ ನ್ಯಾಯಬೆಲೆ ಅಂಗಡಿಗೆ ಹೋದಾಗ ಯಂತ್ರ ಗಂಡನ ಪಾಲಿನ ಅಕ್ಕಿ ಕೊಡಲಿಲ್ಲ. ಅಂಗಡಿಯವನು, “ಇದ್ರಾಗ ಮೃತ ಅಂತ ಐತ್ರಿ ಅಕ್ಕಾರ. ಬಾಗಲಕೋಟಿಗೆ ಹೋಗಿ ಸರಿ ಮಾಡಿಸ್ಕೊಂಡ ಬರ್ರಿ,” ಎಂದ. ನಗುವ ಮಾತು ಅಲ್ಲಿಗೆ ಮುಗಿಯಿತು. ಗುರುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು.

*

ಕೇಂದ್ರದ ನಿಯಂತ್ರಣ ಕೊಠಡಿಯ ಒಂದು ಗೋಡೆಯ ತುಂಬ ಪರದೆ. ಪರದೆಯ ತುಂಬ ಹೆಸರುಗಳು, ಪ್ರತಿ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ, ಉಸಿರಿನ ಎಣಿಕೆ. ಶಕುಂತಲಾ ಬಡಿಗೇರ ಹನ್ನೊಂದು ವರ್ಷದಿಂದ ಆ ಗೋಡೆಯ ಮುಂದೆ ಕೂತು ಜನರ ಫೋನಿಗೆ ಉತ್ತರಿಸುತ್ತಿದ್ದವಳು. ಸೋಮವಾರದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರೂ ಹತ್ತಕ್ಕೆ ಗುಳೇದಗುಡ್ಡದಿಂದ ಕಸ್ತೂರಿ ಎಂಬ ಹೆಣ್ಣುಮಗಳ ಕರೆ ಬಂದಿತ್ತು. ಮಾವ ಸಂಗಪ್ಪ ಹಡಪದ ಉಸಿರಿಗೆ ಒದ್ದಾಡುತ್ತಿದ್ದಾನೆಂದು ಅವಳು ಅಳುತ್ತ ಹೇಳಿದ್ದಳು. ಶಕುಂತಲಾ ಗೋಡೆಯ ಮೇಲೆ ಸಂಗಪ್ಪನ ಹೆಸರು ತೆಗೆದು ನೋಡಿದಳು. ಹಸಿರು ಚುಕ್ಕೆ. ಉಸಿರು ಹದಿನಾರು. ನಾಡಿ ಎಪ್ಪತ್ತೆರಡು. “ಗಾಬರಿ ಆಗಬ್ಯಾಡ್ರಿ, ಅವರು ಆರಾಮ ಅದಾರ. ಸ್ವಲ್ಪ ಬಿಸಿನೀರು ಕೊಡ್ರಿ, ಎಬ್ಬಿಸಿ ಕುಂದರಸ್ರಿ,” ಎಂದಿದ್ದಳು. ಅರ್ಧ ಗಂಟೆಯಲ್ಲಿ ಸಂಗಪ್ಪ ತೀರಿಕೊಂಡ. ಮಧ್ಯಾಹ್ನ ಮೂರಕ್ಕೆ ಮನೆಯವರು ಹೆಬ್ಬೆಟ್ಟು ಒತ್ತಿ ಸಾವನ್ನು ವರದಿ ಮಾಡಿದರು. ಮೇಲಿನವರು ಗುಬ್ಬಿ ಕೆಟ್ಟಿರಬೇಕು ಎಂದು ಬರೆದು ಕಡತ ಮುಚ್ಚಿದರು.

ಗುರುವಾರ ಮಧ್ಯಾಹ್ನ ಎರಡೂ ಹದಿನೈದಕ್ಕೆ ಲಾಲಬಿ ಗಂಡನನ್ನು ಕರೆದುಕೊಂಡು ಅವಳ ಮೇಜಿಗೆ ಬಂದಳು. ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ಬಂದ ಮೇಲೂ ಅವರನ್ನು ಕೋಣೆಯಿಂದ ಕೋಣೆಗೆ ಅಲೆಸಿದ್ದರು.

“ಇವ್ರು ಸತ್ತಾರಂತ ಬರದೀರಿ. ನೋಡ್ರಿ, ಬದುಕ್ಯಾರ,” ಎಂದಳು ಲಾಲಬಿ.

ಶಕುಂತಲಾ ಗುಬ್ಬಿಯ ನಂಬರ್ ಓದುವ ಕಡ್ಡಿಯನ್ನು ಮೌಲಾಸಾಬನ ಪಕ್ಕೆಗೆ ಹಿಡಿದಳು. ಕಡ್ಡಿ ಗುಂಯ್ ಎಂದಿತು. ನಂಬರ್ ಬಂತು: ಹನ್ನೆರಡು, ಒಂಬತ್ತು ಸಾವಿರದ ಮುನ್ನೂರಾ ಆರು. ಅವಳು ಅದನ್ನು ಒತ್ತಿದಳು. ಪರದೆಯ ಮೇಲೆ ಮೂಡಿದ್ದು ಹೀಗೆ:

ಸಂಗಪ್ಪ ಹಡಪದ, ಗುಳೇದಗುಡ್ಡ. ಉಸಿರು 16. ನಿಧನ: ಮನೆಯವರ ವರದಿ. ನಿಲುಗಡೆ: ಇಂದು 3-00.

ಶಕುಂತಲಾ ಎದ್ದು ನಿಂತಳು. “ಅಜ್ಜಾರ, ಇಲ್ಲೇ ಕುಂದರ್ರಿ. ಎಲ್ಲೂ ಹೋಗಬ್ಯಾಡ್ರಿ,” ಎಂದವಳೇ ಒಳಗಿನ ಕೋಣೆಗೆ ಓಡಿದಳು.

ಒಳಗೆ ಇದ್ದವಳು ನೀಲಗಂಗಾ ಕಂಬಾಳಿಮಠ. ವಯಸ್ಸು ಐವತ್ತಾರು. ಇಪ್ಪತ್ತೆರಡು ವರ್ಷಗಳ ಹಿಂದೆ ಕೇಂದ್ರ ಶುರುವಾದಾಗ ಅದರ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದ ಮೂವರಲ್ಲಿ ಉಳಿದವಳು ಅವಳೊಬ್ಬಳೇ. ಅವಳು ಪರದೆ ನೋಡಿದಳು, ಮೌಲಾಸಾಬನನ್ನು ನೋಡಿದಳು, ಗಡಿಯಾರ ನೋಡಿದಳು. ಎರಡೂ ಇಪ್ಪತ್ತೆಂಟು.

ನಿಲುಗಡೆ ಎಂದರೆ ಗುಬ್ಬಿಗೆ ಇನ್ನು ತಟ್ಟಬೇಡ ಎಂಬ ಆಜ್ಞೆ. ಮನೆಯವರು ಸಾವು ವರದಿ ಮಾಡಿದ ಮೂರು ದಿನಕ್ಕೆ ಅದು ತಾನಾಗಿಯೇ ಹೋಗುತ್ತಿತ್ತು. ಮಣ್ಣಾದ ಮೇಲೂ ಕೆಲವು ಗುಬ್ಬಿಗಳು ತಿಂಗಳುಗಟ್ಟಲೆ ಬಡಿಯುತ್ತ ಸುಳ್ಳು ಉಸಿರಿನ ಲೆಕ್ಕ ಕಳಿಸುತ್ತಿದ್ದವು. ಆದ್ದರಿಂದ ಉಸಿರು ಇದೆಯೋ ಇಲ್ಲವೋ ಎಂದು ನೋಡುವ ಕ್ರಮವನ್ನೇ ಕೇಂದ್ರ ಕೈಬಿಟ್ಟಿತ್ತು. ಮನೆಯವರ ಮಾತೇ ಕೊನೆಯ ಮಾತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರವೂ ಮನೆಯವರಿಗೆ ಮಾತ್ರ, ಅದೇ ಫೋನಿನಿಂದ, ಅದೇ ಹೆಬ್ಬೆಟ್ಟಿನಿಂದ. ಎಲ್ಲ ನಿಲುಗಡೆಗಳನ್ನೂ ಒಟ್ಟಿಗೆ ತಡೆಯಬಲ್ಲ ನಿರ್ದೇಶಕ ಗಲಗಲಿಯವರು ಬೆಂಗಳೂರಿನವರ ಜೊತೆ ಸಭೆಯಲ್ಲಿದ್ದರು, ಫೋನ್ ಎತ್ತಲಿಲ್ಲ.

ನೀಲಗಂಗಾ ಗುಳೇದಗುಡ್ಡಕ್ಕೆ ಕರೆ ಮಾಡಿದಳು.

“ಕಸ್ತೂರಿಯವರೇನ್ರಿ? ಉಸಿರು ಕೇಂದ್ರದಿಂದ ಮಾತಾಡಾಕತ್ತೀನಿ.”

ಆ ಕಡೆ ಬಹಳ ಜನರ ಗದ್ದಲ. “ಮತ್ತೇನ್ರಿ? ಅವತ್ತ ಕೇಳಿದ್ರ ಬಿಸಿನೀರು ಕೊಡ್ರಿ ಅಂದ್ರಿ. ಇವತ್ತ ಮೂರನೇ ದಿನದ್ದು ನಡದೈತಿ, ಫೋನ್ ಇಡ್ರಿ.”

“ಇಡಬ್ಯಾಡವ್ವಾ, ಕೈ ಮುಗೀತೀನಿ. ನಿಮ್ಮ ಮಾವಾರು ತೀರ್ಕೊಂಡ್ರಂತ ಹಚ್ಚಿದ ಹೆಬ್ಬೆಟ್ಟು ಹಿಂದಕ್ಕ ತಗೋಬೇಕು. ಮೂರರ ಒಳಗ. ಇಲ್ಲಂದ್ರ ಇನ್ನೊಬ್ಬರು ಸಾಯ್ತಾರ.”

“ಏನ್ ಮಾತಾಡ್ತೀರಿ? ಮಂಗಳವಾರ ಕೈಯಾರೆ ಮಣ್ಣು ಮಾಡಿ ಬಂದೀವಿ. ಇಷ್ಟು ಮಂದಿ ಮುಂದ ಕುಂತು ಅವ್ರು ಸತ್ತಿಲ್ಲ ಅಂತ ನಾ ಹೇಳ್ಲೇನು?”

ಮೌಲಾಸಾಬ ಕೈ ಚಾಚಿ ಫೋನ್ ತೆಗೆದುಕೊಂಡ.

“ಯವ್ವಾ, ನಾ ಇಳಕಲ್ಲಿನ ಮೌಲಾಸಾಬ ಅಂತ. ನಿಮ್ಮ ಮಾವನ ಗುರ್ತು ನನಗಿಲ್ಲ. ಅವನ ಹೆಸರು ನನ್ನ ಎದಿ ಮ್ಯಾಲ ಬಂದು ಕುಂತೈತಂತ. ನೀ ಹೆಬ್ಬೆಟ್ಟು ಒತ್ತಲಿಲ್ಲಂದ್ರ ನಿನ್ನ ತಪ್ಪಲ್ಲ ತಾಯಿ. ಒತ್ತಿದ್ರ ನಾ ಮನೀಗೆ ಹೋಗ್ತೀನಿ.”

ಆ ಕಡೆಯ ಗದ್ದಲದ ನಡುವೆ ಒಂದು ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಕಸ್ತೂರಿ ಒಳಕೋಣೆಗೆ ಹೋಗಿದ್ದಳು.

“ಉಸಿರು ಬಿಡ್ರಿ ಅಜ್ಜಾರ, ಕೇಳ್ತೀನಿ,” ಎಂದಳು.

ಮೌಲಾಸಾಬ ಫೋನಿನ ಹತ್ತಿರ ಬಾಯಿ ತಂದು ಉಸಿರೆಳೆದು ಬಿಟ್ಟ. ಕಲ್ಲಿನ ಮೇಲೆ ಮರಳು ಸರಿದಂಥ ಸದ್ದು. ಕಸ್ತೂರಿಗೆ ಆ ಸದ್ದಿನ ಗುರುತು ಚೆನ್ನಾಗಿತ್ತು. ಎಂಟು ವರ್ಷ ಅದೇ ಸದ್ದು ಕೇಳುತ್ತ ಅಡುಗೆ ಮಾಡಿದವಳು ಅವಳು.

ಎರಡೂ ಐವತ್ತೊಂದಕ್ಕೆ ಪರದೆಯ ಮೇಲಿನ ನಿಲುಗಡೆಯ ಸಾಲು ಅಳಿಸಿಹೋಯಿತು. ಲಾಲಬಿ ಗಂಡನ ಪಕ್ಕೆಯ ಮೇಲೆ ಕೈಯಿಟ್ಟು ಗುಬ್ಬಿ ಮಿಸುಕುವುದನ್ನು ಎಣಿಸಿದಳು.

*

ತಪ್ಪು ಎಲ್ಲಿದೆಯೆಂದು ಹುಡುಕಲು ನೀಲಗಂಗಾಳಿಗೆ ಮರುದಿನ ಸಂಜೆಯವರೆಗೆ ಬೇಕಾಯಿತು. ಕೊನೆಗೆ ಅದು ಸಿಕ್ಕಿದ್ದು ಅವಳದೇ ಬರಹದಲ್ಲಿ.

ಯಂತ್ರಕ್ಕೆ ಹೆಸರು ಬೇಕಿಲ್ಲ, ಅದು ಬಲ್ಲದ್ದು ನಂಬರ್ ಮಾತ್ರ. ಮೊದಲ ಭಾಗ ಯಾವ ಬಗೆಯ ಸಾಧನ ಎಂದು, ಎರಡನೆಯ ಭಾಗ ಅದರಲ್ಲಿ ಎಷ್ಟನೆಯದು ಎಂದು. ಹನ್ನೆರಡು ಎಂದರೆ ಗುಬ್ಬಿ. ಹೆಸರು ಬೇಕಾದದ್ದು ಮನುಷ್ಯರಿಗೆ. ಅದಕ್ಕಾಗಿ ನೀಲಗಂಗಾ ತನ್ನ ಮೂವತ್ತನಾಲ್ಕನೇ ವಯಸ್ಸಿನಲ್ಲಿ ‘ಹೆಸರುಕೊಡು’ ಎಂಬ ಸಣ್ಣ ಫಂಕ್ಷನ್ ಬರೆದಿದ್ದಳು. ನಂಬರ್ ಕೊಟ್ಟರೆ ಅದು ಪಟ್ಟಿಯಲ್ಲಿ ಹುಡುಕಿ, ಸಿಕ್ಕ ಹೆಸರನ್ನು ಒಂದು ಜಾಗದಲ್ಲಿ ಬರೆದಿಟ್ಟು, ಇಲ್ಲಿದೆ ನೋಡು ಎಂದು ಆ ಜಾಗವನ್ನು ತೋರಿಸುತ್ತಿತ್ತು. ಹೆಸರು ಸಿಗದಿದ್ದರೆ ಎರಡು ಪ್ರಶ್ನೆ ಗುರುತು ಬರೆಯುತ್ತಿತ್ತು. ಬರೆಯಲು ಇದ್ದದ್ದು ಒಂದೇ ಜಾಗ, ಅರವತ್ತನಾಲ್ಕು ಅಕ್ಷರ ಹಿಡಿಯುವಷ್ಟು, ಶಾಲೆಯ ಪಾಟಿಯ ಹಾಗೆ. ಮುಂದಿನವರು ಕೇಳಿದಾಗ ಹಿಂದಿನದನ್ನು ಒರೆಸಿ ಅಲ್ಲೇ ಬರೆಯುವುದು. ಆಗಿನ ಯಂತ್ರ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಿತ್ತು. ಒಬ್ಬರೇ ಕೇಳುವವರು, ಒಂದೇ ಪಾಟಿ. ತೊಂದರೆ ಇರಲಿಲ್ಲ.

ಒಂಬತ್ತು ತಿಂಗಳ ಹಿಂದೆ ಕೇಂದ್ರಕ್ಕೆ ಹೊಸ ಯಂತ್ರ ಬಂತು. ಅದಕ್ಕೆ ಹದಿನಾರು ಕೈ, ಒಂದೇ ಸಲಕ್ಕೆ ಹದಿನಾರು ಕೆಲಸ. ಹಳೆಯ ಪ್ರೋಗ್ರಾಮನ್ನು ಇದ್ದಂತೆಯೇ ಅದಕ್ಕೆ ಸಾಗಿಸಿದರು. ಪ್ರತಿದಿನ ಬೆಳಿಗ್ಗೆ ಐದಕ್ಕೆ ಯಂತ್ರ ಹೆಸರಿನ ಪಟ್ಟಿಯನ್ನು ಹೊಸದಾಗಿ ಬರೆದುಕೊಳ್ಳುತ್ತಿತ್ತು. ಹದಿನಾರು ಕೈಗಳೂ ಒಟ್ಟಿಗೆ ‘ಹೆಸರುಕೊಡು’ ಎಂದು ಕೇಳುತ್ತಿದ್ದವು. ಪಾಟಿ ಮಾತ್ರ ಒಂದೇ. ಒಂದು ಕೈ ತನ್ನ ಉತ್ತರ ಓದುವುದರೊಳಗೆ ಇನ್ನೊಂದರ ಉತ್ತರ ಅದರ ಮೇಲೆ ಬಂದುಬಿಟ್ಟರೆ, ಎರಡು ನಂಬರಿಗೂ ಒಂದೇ ಹೆಸರು. ದಿನಕ್ಕೆ ಒಂದೋ ಎರಡೋ ಸಲ ಹಾಗಾಗುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ಯಾರಾದರೂ ಗಮನಿಸುತ್ತಿದ್ದರೇನೋ. ಆದರೆ ಬೇರೆ ಯಾರೋ ಬರೆದ ತಪಾಸಣೆಯ ಪ್ರೋಗ್ರಾಂ ಒಂದು ಬೆನ್ನಿಗೇ ಓಡುತ್ತಿತ್ತು. ಒಂದು ಹೆಸರು ಎರಡು ಸಲ ಬಂದು ಇನ್ನೊಂದು ಕಾಣೆಯಾಗಿದ್ದರೆ, ಕಾಣೆಯಾದದ್ದನ್ನು ಎರಡರಲ್ಲೊಂದು ಕಡೆ ಹಚ್ಚಿಬಿಡುತ್ತಿತ್ತು. ಅರ್ಧ ಸಲ ಅದು ಸರಿಯಾದ ಕಡೆ, ಇನ್ನರ್ಧ ಸಲ ಅದಲುಬದಲು. ಪಟ್ಟಿಯಲ್ಲಿ ನಲವತ್ತೊಂದು ಸಾವಿರ ಹೆಸರು ಇರಬೇಕು, ಇದ್ದವು. ಎಣಿಕೆ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ ಪಟ್ಟಿಯಿಂದಲೇ ಮರುದಿನದ ಪಟ್ಟಿ. ಹಳೆಯ ಪಟ್ಟಿಗಳ ಪ್ರತಿಯನ್ನು ಮೂರು ತಿಂಗಳಿಗೊಮ್ಮೆ ಅಳಿಸುತ್ತಿದ್ದರು.

ನೀಲಗಂಗಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಎದುರಿಗೆ ಅವಳೇ ಬರೆದ ಹನ್ನೊಂದು ಸಾಲು. ಅದರಲ್ಲಿ ಪಾಟಿಯನ್ನು ಎಲ್ಲ ಕೈಗಳಿಗೂ ಒಂದೇ ಆಗಿಸಿದ ‘ಸ್ಟ್ಯಾಟಿಕ್’ ಎಂಬ ಒಂದು ಪದ. ಅದನ್ನು ಬರೆದ ದಿನ ಅವಳಿಗೆ ಜ್ಞಾಪಕವೂ ಇರಲಿಲ್ಲ.

ಆಮೇಲೆ ಅವಳು ಕೇಳಬಾರದ ಪ್ರಶ್ನೆಯೊಂದನ್ನು ಯಂತ್ರಕ್ಕೆ ಕೇಳಿದಳು. ಒಂಬತ್ತು ತಿಂಗಳಲ್ಲಿ ಮನೆಯವರ ವರದಿಯಿಂದ ನಿಲ್ಲಿಸಿದ ಗುಬ್ಬಿಗಳೆಷ್ಟು? ಮೂರು ಸಾವಿರದ ಮುನ್ನೂರ ಎಂಬತ್ತೆಂಟು. ನಿಲ್ಲು ಎಂಬ ಆಜ್ಞೆ ತಲುಪಿದ ಕ್ಷಣದಲ್ಲಿ ಅವುಗಳಲ್ಲಿ ಎಷ್ಟು ಗುಬ್ಬಿಗಳು ನಾಡಿಯ ಲೆಕ್ಕ ಕಳಿಸುತ್ತಿದ್ದವು? ಗುಬ್ಬಿ ಸುಳ್ಳು ಉಸಿರನ್ನು ತೋರಿಸಬಹುದು, ಸುಳ್ಳು ನಾಡಿಯನ್ನು ತೋರಿಸಲಾರದು.

ಉತ್ತರ ಬಂತು: ಹತ್ತೊಂಬತ್ತು.

ಅವಳು ಒಂದೊಂದನ್ನೇ ತೆರೆದು ನೋಡಿದಳು. ಮಧ್ಯಾಹ್ನ ಒಂದೂ ಹತ್ತು, ನಾಡಿ ಅರವತ್ತೆಂಟು, ನಿಲ್ಲು. ನಾಡಿ ನೂರಾ ಮೂವತ್ತು. ನಾಡಿ ನಲವತ್ತು. ಆಮೇಲೆ ಏನೂ ಇಲ್ಲ. ಬೆಳಿಗ್ಗೆ ಹನ್ನೊಂದು, ನಾಡಿ ಎಂಬತ್ತು, ನಿಲ್ಲು. ಆ ಹತ್ತೊಂಬತ್ತು ಸಾವುಗಳಲ್ಲಿ ಒಂದೊಂದೂ ಬೇರೆಯವರ ಹೆಸರಿನಲ್ಲಿ ದಾಖಲಾಗಿತ್ತು. ಅವರ ಮನೆಯವರೂ ಹೆಬ್ಬೆಟ್ಟು ಒತ್ತಿದ್ದರು. ಹೆಸರು ಎರಡು ಮೂರು ಸಲ ಅದಲುಬದಲಾಗಿದ್ದ ಕಡೆ ಆ ಹೆಬ್ಬೆಟ್ಟು ಮೂರು ದಿನದ ನಂತರ ಮತ್ತೊಂದು ಎದೆಯ ಕಡೆಗೆ ಹೊರಟಿತ್ತು. ಒಂದು ಸಾವು ಇನ್ನೊಂದನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿತ್ತು.

ಆ ವರ್ಷ ಧೂಳು ಜಾಸ್ತಿ, ಸಾವು ಜಾಸ್ತಿ ಎಂದು ವೈದ್ಯರು ವರದಿ ಬರೆದಿದ್ದರು.

*

“ನೀವು ಹೇಳೋದು ನನಗ ಅರ್ಥ ಆಗ್ತದ,” ಎಂದರು ನಿರ್ದೇಶಕ ಅನಿರುದ್ಧ ಗಲಗಲಿ. ಸದ್ಯಕ್ಕೆ ಎಲ್ಲ ಹೆಸರನ್ನೂ ತೆಗೆದುಬಿಡೋಣ ಎಂದು ನೀಲಗಂಗಾ ಕೇಳಿದ್ದಳು. ಕೆಟ್ಟ ಮನುಷ್ಯನಲ್ಲ. ಕೇಂದ್ರವನ್ನು ಕಟ್ಟಲು ಓಡಾಡಿ ಚಪ್ಪಲಿ ಸವೆಸಿದವರಲ್ಲಿ ಅವರೂ ಒಬ್ಬರು. “ಆದ್ರ ಹೆಸರನ್ನೆಲ್ಲ ತಗದು ಬಿಟ್ರ ಡಾಕ್ಟರು ಯಾರ ಗುಬ್ಬಿ ತಿದ್ದಬೇಕು? ದಿನಾ ಇನ್ನೂರು ಮಂದೀದು ತಿದ್ತಾರ. ತಿದ್ದದಿದ್ರೂ ಮಂದಿ ಸಾಯ್ತಾರಲ್ಲಾ.”

“ಈಗ ತಿದ್ದೋದು ಯಾರದಂತ ಗೊತ್ತೈತೇನ್ರಿ ಸರ?”

ಗಲಗಲಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಪಾಟಿ ಒಂದs ಇರೋದನ್ನ ಸರಿ ಮಾಡ್ರಿ. ಅದು ಎಷ್ಟೊತ್ತಿನ ಕೆಲಸ?”

“ಅದನ್ನ ಮಾಡೀನ್ರಿ, ಐದು ನಿಮಿಷದ ಕೆಲಸ. ಈಗ ಪ್ರತಿಯೊಂದು ಕೈಗೂ ಅದರದೇ ಪಾಟಿ. ಇವತ್ತಿಂದ ಹೊಸ ತಪ್ಪು ಆಗಂಗಿಲ್ಲ. ಆದ್ರ ಆಗಲೇ ತಪ್ಪಿದ ಹೆಸರು ಎಷ್ಟು, ಯಾವು ಅಂತ ಆ ಯಂತ್ರಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮನೀ ಮನೀಗೆ ಹೋಗಿ ಎದೀಗೆ ಕಡ್ಡಿ ಹಚ್ಚಿ ನಂಬರ್ ಕೇಳಬೇಕು. ಬ್ಯಾರೆ ದಾರಿ ಇಲ್ಲ.”

ಗಲಗಲಿ ಏಳು ದಿನ ಕೊಟ್ಟರು. ಆ ಏಳು ದಿನ ನಿಲುಗಡೆಯ ಆಜ್ಞೆ ಯಾರಿಗೂ ಹೋಗದಂತೆ ತಡೆದರು. ಮನೆಗಳಿಗೆ ಹೋಗುವ ಕಾರಣವನ್ನು ಮಾತ್ರ ಜನರಿಗೆ ಹೇಳಬಾರದು, ವಾರ್ಷಿಕ ತಪಾಸಣೆ ಎನ್ನಬೇಕು ಎಂದು ಮೇಲಿನಿಂದ ಸೂಚನೆ ಬಂತು. ನಲವತ್ತೊಂದು ಸಾವಿರ ಜನ ಒಂದೇ ಸಲ ಹೆದರಿದರೆ ಹೆದರಿಕೆಗೇ ಎಷ್ಟು ಉಸಿರು ನಿಂತೀತೆಂದು ಲೆಕ್ಕ ಹಾಕಿದವರೂ ಇದ್ದರು.

ಆಶಾ ಕಾರ್ಯಕರ್ತೆಯರು ಕಡ್ಡಿ ಹಿಡಿದು ಹೊರಟರು. ನೀಲಗಂಗಾಳೂ ಹೊರಟಳು. ಮೊದಲು ಹೋದದ್ದು ಗುಳೇದಗುಡ್ಡಕ್ಕೆ.

ಕಸ್ತೂರಿ ಖಣ ನೇಯುವ ಮಗ್ಗದ ಮುಂದೆ ಕೂತಿದ್ದಳು, ನೇಯುತ್ತಿರಲಿಲ್ಲ. ಮೂವತ್ತರ ಆಸುಪಾಸಿನ ತೆಳ್ಳನೆಯ ಹೆಣ್ಣುಮಗಳು. ಒಳಗೆ ಅವಳ ಗಂಡ ಯಾರೊಂದಿಗೋ ಮಾತಾಡುತ್ತಿದ್ದ. ನೀಲಗಂಗಾ ವಾರ್ಷಿಕ ತಪಾಸಣೆ ಎನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಕಸ್ತೂರಿ ಮಗ್ಗದ ತುಂಡಾದ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡಳು.

“ಅಂದ್ರ ಅವತ್ತ ಅವ್ರು ಖರೇನs ಒದ್ದಾಡಾಕತ್ತಿದ್ರು.”

“ಹೌದವ್ವಾ.”

“ನಾ ಹೇಳಿದ್ದು ಖರೆ ಇತ್ತು.”

“ಖರೆ ಇತ್ತು. ನಾವು ನೋಡಿದ್ದು ಬ್ಯಾರೇದವರ ಉಸಿರು.”

“ನಮ್ಮ ಮನಿಯವ್ರು ಮಾತs ಬಿಟ್ಟಾರ ನನ್ನ ಜೋಡಿ. ದವಾಖಾನಿಗೆ ಒಯ್ಯಾಕ ಎದುರುಮನಿ ಗಾಡಿ ಇತ್ತು. ಆರಾಮ ಅದಾರಂತ ಆಫೀಸಿನವ್ರು ಹೇಳ್ಯಾರ ಅಂತ ನಾನs ಗಾಡಿ ಬ್ಯಾಡ ಅಂದೆ.” ಅವಳು ಮುಖ ಎತ್ತಿದಳು. “ಅವ್ರು ಕಣ್ಣು ಹಿಂಗ ದೊಡ್ಡದು ಮಾಡಿ ನನ್ನs ನೋಡಾಕತ್ತಿದ್ರು. ನಾ ಅವರಿಗೆ, ಮಾವಾ ನಿಮಗೇನೂ ಆಗಿಲ್ಲ, ಸುಮ್ಮನ ಹೆದರ್ತೀರಿ ಅಂತ ಬೈದೆ ರೀ.”

ನೀಲಗಂಗಾ ಅವಳ ಗಂಡನನ್ನು ಹೊರಗೆ ಕರೆಸಿದಳು. ಅವನಿಗೂ ಎಲ್ಲವನ್ನೂ ಹೇಳಿದಳು. ಆ ಪಾಟಿ ನನ್ನದೇ ಎಂದೂ ಹೇಳಿದಳು. ಅವನು ಕೈ ಎತ್ತುತ್ತಾನೆಂದುಕೊಂಡಿದ್ದಳು. ಅವನು ಹೆಂಡತಿಯ ಕಡೆ ಒಮ್ಮೆ ನೋಡಿ, ಹೊಸ್ತಿಲ ಮೇಲೆ ಕೂತುಬಿಟ್ಟ.

*

ಏಳನೆಯ ದಿನ ಮಧ್ಯಾಹ್ನದವರೆಗೆ ಕಡ್ಡಿ ಮುಟ್ಟಿದ ಎದೆಗಳು ಆರು ಸಾವಿರದ ನೂರು. ಅವುಗಳಲ್ಲಿ ಐವತ್ತೆಂಟು ಹೆಸರುಗಳು ತಪ್ಪಾಗಿದ್ದವು. ಲೆಕ್ಕ ಹಾಕಿದರೆ ಉಳಿದ ಮೂವತ್ತೈದು ಸಾವಿರದಲ್ಲಿ ಮುನ್ನೂರಕ್ಕೂ ಹೆಚ್ಚು. ಯಾವ ಮುನ್ನೂರು ಎಂಬುದಷ್ಟೇ ಗೊತ್ತಿರಲಿಲ್ಲ.

ಗಲಗಲಿ ನೀಲಗಂಗಾಳನ್ನು ಕರೆಸಿದರು. “ಬೆಂಗಳೂರಿಂದ ಆರ್ಡರ್ ಬಂದದ. ನಾಳೆಯಿಂದ ಎಲ್ಲಾ ಮೊದಲಿನ ಹಂಗ ಶುರು ಮಾಡ್ಲಿಕ್ಕೆ ಹೇಳ್ಯಾರ. ನೂರಕ್ಕ ತೊಂಬತ್ತೊಂಬತ್ತು ಸರಿ ಅದ ಅಂತ ನಿಮ್ಮ ಲೆಕ್ಕನ ಹೇಳ್ತದಲ್ಲ, ಅದು ಸಾಕಂತ.”

“ನಿಲುಗಡೆನೂ?”

“ಅದೂ. ಹೊಸಬರು ಎರಡು ಸಾವಿರ ಮಂದಿ ಗುಬ್ಬಿಗಾಗಿ ಕಾಯ್ಲಿಕ್ಕತ್ತಾರ. ಸತ್ತವರ ನಂಬರ್ ಖಾಲಿ ಆಗಬೇಕು.”

“ನಿಮಗ ಸರಿ ಅನಸ್ತೈತೇನ್ರಿ ಸರ?”

ಗಲಗಲಿ ಕಿಟಕಿಯ ಕಡೆ ತಿರುಗಿದರು. “ನನ್ನ ಕೇಳಿಲ್ಲ ಅವ್ರು.”

ನೀಲಗಂಗಾ ತನ್ನ ಕೋಣೆಗೆ ಬಂದಳು. ‘ಹೆಸರುಕೊಡು’ವಿನ ಹನ್ನೊಂದು ಸಾಲು ತೆರೆದಳು. ಎರಡು ಸಾಲು ಸೇರಿಸಿದಳು. ಕಡ್ಡಿ ಮುಟ್ಟಿ ಗಟ್ಟಿಮಾಡಿಕೊಂಡ ನಂಬರ್ ಆಗಿದ್ದರೆ ಹೆಸರು ಕೊಡು, ಇಲ್ಲವಾದರೆ ಎರಡು ಪ್ರಶ್ನೆ ಗುರುತು. ಹೆಸರಿಲ್ಲದ ನಂಬರಿಗೆ ಯಂತ್ರ ನಿಲುಗಡೆ ಕಳಿಸಲಾರದು, ಅಷ್ಟು ಅವಳಿಗೆ ಗೊತ್ತಿತ್ತು. ಸಂಜೆ ನಾಲ್ಕೂ ಕಾಲಿಗೆ ಅದನ್ನು ಓಡಿಸಿದಳು.

ನಿಯಂತ್ರಣ ಕೊಠಡಿಯಲ್ಲಿ ಶಕುಂತಲಾ ಕೂಗಿಕೊಂಡದ್ದು ಅವಳಿಗೆ ಗೋಡೆಯಾಚೆಗೂ ಕೇಳಿಸಿತು. ಪರದೆಯ ಮೇಲೆ ಹೆಸರುಗಳು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಅಳಿಸಿಹೋಗುತ್ತಿದ್ದವು. ಅವುಗಳ ಜಾಗದಲ್ಲಿ ??, ??, ??. ಅಲ್ಲೊಂದು ಇಲ್ಲೊಂದು ಹೆಸರು ಉಳಿದಿತ್ತು. ಹಸಿರು ಚುಕ್ಕೆಗಳು ಮಾತ್ರ ಎಲ್ಲವೂ ಇದ್ದಲ್ಲೇ ಮಿನುಗುತ್ತಿದ್ದವು.

ಗಲಗಲಿ ಓಡುತ್ತ ಬಂದರು. “ಏನು ಮಾಡೀರಿ ನೀಲಗಂಗಾ? ಏನಿದು?”

“ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಾಕ ಅದಕ್ಕ ಕಲಿಸೀನ್ರಿ. ಮೊದಲs ಕಲಿಸಬೇಕಿತ್ತು.”

“ನಿಮ್ಮನ್ನ ಇವತ್ತs ತಗೀತಾರ. ಜೈಲಿಗೂ ಹಾಕಬಹುದು.”

“ಹಾಕ್ಲಿ. ಇದನ್ನ ಮೊದಲಿನ ಹಂಗ ಮಾಡೋರು ಬಂದು, ಓದಿ, ತಿಳ್ಕೊಳ್ಳೋತನಕ ನಾಲ್ಕು ದಿನ ಬೇಕು. ಆ ನಾಲ್ಕು ದಿನ ಯಾರನ್ನೂ ನಾವು ಕೊಲ್ಲಂಗಿಲ್ಲ.”

ಅಷ್ಟರಲ್ಲಿ ಶಕುಂತಲಾ, “ಅಕ್ಕಾರ,” ಎಂದಳು. ಅವಳ ಧ್ವನಿ ಬೇರೆಯಾಗಿತ್ತು.

ಗೋಡೆಯ ಎಡಮೂಲೆಯಲ್ಲಿ ಒಂದು ಚುಕ್ಕೆ ಹಳದಿಯಾಗಿತ್ತು. ಹನ್ನೆರಡು, ಇಪ್ಪತ್ತೆರಡು ಸಾವಿರದ ಏಳು. ??. ಉಸಿರು ಒಂಬತ್ತು.

“ಯಾರ್ರೀ ಇವ್ರು?” ಎಂದಳು ಶಕುಂತಲಾ.

ನೀಲಗಂಗಾಳಿಗೆ ಗೊತ್ತಿರಲಿಲ್ಲ. ಹಳೆಯ ಪಟ್ಟಿಯಲ್ಲಿ ಒಂದು ಹೆಸರಿತ್ತು, ನಿಜ. ಅವಳು ಅದನ್ನು ತೆರೆದು ಆ ಮನೆಗೆ ಫೋನ್ ಮಾಡಿದಳು. ಎತ್ತಿದವನು ಅದೇ ಹೆಸರಿನ ಮನುಷ್ಯ, ಹೊಲದಲ್ಲಿ ನಿಂತು ಬೀಡಿ ಸೇದುತ್ತಿದ್ದ. “ಆರಾಮ ಅದೀನ್ರಿ, ಯಾಕ?” ಎಂದ.

ಉಸಿರು ಎಂಟು.

“ಯಾವ ಟವರ್?” ಎಂದಳು ನೀಲಗಂಗಾ.

“ಹುನಗುಂದದ ಹತ್ರದ್ದು. ಆ ಟವರಿನ್ಯಾಗ ನಲವತ್ತಮೂರು ಗುಬ್ಬಿ ಅದಾವು.”

“ನಲವತ್ತಮೂರು ಮನೀ ಫೋನ್ ತಗೀರಿ. ನೀವು ಮ್ಯಾಲಿಂದ, ನಾ ಕೆಳಗಿಂದ.”

ಗಲಗಲಿ ಕುರ್ಚಿ ಎಳೆದುಕೊಂಡು, “ನಡುವಿನವು ನನಗ ಕೊಡ್ರಿ,” ಎಂದರು.

ಮೂವರೂ ಕೇಳುತ್ತ ಹೋದರು. ನಿಮ್ಮ ಮನಿಯಾಗ ಗುಬ್ಬಿ ಹಾಕಿಸಿಕೊಂಡವರು ಈಗ ಏನ್ ಮಾಡಾಕತ್ತಾರ? ಉಸಿರು ಆಡಾಕತ್ತಾರೇನು? ಎದ್ದು ಹೋಗಿ ನೋಡಿ ಹೇಳ್ರಿ. ಒಬ್ಬ ಮುದುಕಿ ಬೈದಳು. ಒಬ್ಬನಿಗೆ ಇದು ತಮಾಷೆಯೆನಿಸಿತು. ಎಂಟು ಮನೆಗಳಲ್ಲಿ ಯಾರೂ ಫೋನ್ ಎತ್ತಲಿಲ್ಲ. ಗೋಡೆಯ ಮೇಲಿನ ಚುಕ್ಕೆ ಕೆಂಪಾಯಿತು. ಉಸಿರು ನಾಲ್ಕು. ಆಂಬುಲೆನ್ಸ್ ಒಂದು ಹುನಗುಂದದ ರಸ್ತೆಯಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ವಿಳಾಸಕ್ಕಾಗಿ ಕಾಯುತ್ತಿತ್ತು.

ಇಪ್ಪತ್ತೊಂಬತ್ತನೆಯ ಕರೆ ನೀಲಗಂಗಾಳದು. ಎತ್ತಿದವಳು ಒಬ್ಬ ನಡುವಯಸ್ಸಿನ ಹೆಣ್ಣುಮಗಳು.

“ನಮ್ಮ ಅಪ್ಪಾರಾ? ಒಳಗ ಮಕ್ಕೊಂಡಾರ್ರಿ. ಮಧ್ಯಾಹ್ನ ಉಂಡು ಮಕ್ಕೊಂಡವರು ಎದ್ದಿಲ್ಲ ಇನ್ನ.”

“ಹೋಗಿ ನೋಡವ್ವಾ. ಫೋನ್ ಕೈಯಾಗs ಇರ್ಲಿ. ಹೆಸರೇನು ಅವರದು?”

“ರಾಮಪ್ಪ ಅಂತ್ರಿ. ರಾಮಪ್ಪ ತಳಗೇರಿ.” ಕಾಲುಂಗುರದ ಸದ್ದು. ಬಾಗಿಲು ಸರಿಸಿದ ಸದ್ದು. “ಅಪ್ಪಾ… ಅಪ್ಪಾ, ಏಳ್ರಿ.”

ಗೋಡೆಯ ಮೇಲೆ ಉಸಿರು ಎರಡು.

“ಅಪ್ಪಾ!”

ನೀಲಗಂಗಾ ಆಂಬುಲೆನ್ಸಿಗೆ ವಿಳಾಸ ಹೇಳುತ್ತಿದ್ದಾಗ ಫೋನಿನಲ್ಲಿ ಆ ಹೆಣ್ಣುಮಗಳ ಅಳು ಬಂತು. ಗೋಡೆಯ ಮೇಲಿನ ಎಣಿಕೆ ಸೊನ್ನೆಯಾಯಿತು. ಗಾಡಿ ಆ ಮನೆ ಮುಟ್ಟಲು ಆರು ನಿಮಿಷ ಹಿಡಿಯಿತು. ಐದು ನಿಮಿಷ ಮೊದಲು ಮುಟ್ಟಿದ್ದರೆ ಬದುಕುತ್ತಿದ್ದನೆಂದು ಗಾಡಿಯ ನರ್ಸ್ ಆಮೇಲೆ ಹೇಳಿದಳು. ಅವಳು ಕಡ್ಡಿಯನ್ನು ರಾಮಪ್ಪನ ಪಕ್ಕೆಗೆ ಹಿಡಿದು ನಂಬರ್ ಓದಿದಳು. ಹನ್ನೆರಡು, ಇಪ್ಪತ್ತೆರಡು ಸಾವಿರದ ಏಳು.

ನೀಲಗಂಗಾ ಆ ನಂಬರಿನ ಮುಂದೆ ಅಕ್ಷರ ಅಕ್ಷರ ಒತ್ತಿ ಹೆಸರು ಬರೆದಳು. ಪ್ರಶ್ನೆ ಗುರುತು ಹೋಗಿ ರಾಮಪ್ಪ ತಳಗೇರಿ ಎಂದಾಯಿತು. ಒಂಬತ್ತು ತಿಂಗಳಲ್ಲಿ ಆ ಕೇಂದ್ರ ಪೂರ್ತಿ ಗೊತ್ತಿದ್ದು ಹೇಳಿದ ಮೊದಲ ಸಾವು ಅದು.

ಗಲಗಲಿ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಅವರ ಮೇಜಿನ ಫೋನ್ ಬೆಂಗಳೂರಿನಿಂದ ಬಡಿದುಕೊಳ್ಳುತ್ತಲೇ ಇತ್ತು, ಅವರು ಎತ್ತಲಿಲ್ಲ. ಗೋಡೆಯ ಮೇಲೆ ಮೂವತ್ತನಾಲ್ಕು ಸಾವಿರದ ಎಂಟುನೂರಾ ತೊಂಬತ್ತೊಂಬತ್ತು ಜನ ಹೆಸರಿಲ್ಲದೆ ಉಸಿರಾಡುತ್ತಿದ್ದರು.

ಬಲಮೂಲೆಯಲ್ಲಿ ಒಂದು ಚುಕ್ಕೆ ಹಳದಿಯಾಯಿತು.

ಶಕುಂತಲಾ ಕಣ್ಣೊರೆಸಿಕೊಂಡು ಫೋನ್ ಎತ್ತಿದಳು. “ಯಾವ ಟವರ್, ಹೇಳ್ರಿ ಅಕ್ಕಾರ.”